ಹಳಿ ಹೋದ ಮೇಲೆ ಉಳಿದ ದಾರಿ

ಜಲ್ಲಿ ರಸ್ತೆಯಲ್ಲಿ ಓಡಿಸುವುದಕ್ಕೆಂದೇ ಬೇರೆ ಸೈಕಲ್ ಬರುತ್ತದೆ, ಅದಕ್ಕೆ ಜನ ಲಕ್ಷಗಟ್ಟಲೆ ಸುರಿಯುತ್ತಾರೆ ಎಂದರೆ ಮಲೆನಾಡಿನ ಸಾಗರದ ಕಡೆಯ ನಮ್ಮವರು ನಗುತ್ತಾರೆ. ಅವರ ಪಾಲಿಗೆ ಜಲ್ಲಿ ರಸ್ತೆ ಎಂದರೆ ಗುತ್ತಿಗೆದಾರ ಅರ್ಧಕ್ಕೆ ಬಿಟ್ಟುಹೋದ ರಸ್ತೆ. ಶಾಲೆಗೆ, ಡೇರಿಗೆ, ಸೊಸೈಟಿಗೆ ಅದರ ಮೇಲೇ ಸೈಕಲ್ ತುಳಿದವರಿಗೆ ಇದೊಂದು ಹವ್ಯಾಸ ಎಂದರೆ ನಗು ಬರದೆ ಇನ್ನೇನು ಬಂದೀತು?

ನಾನಿರುವುದು ಕೆನಡಾದ ಪಶ್ಚಿಮ ಕರಾವಳಿಯ ವಿಕ್ಟೋರಿಯಾದಲ್ಲಿ. ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ರಾಜಧಾನಿ ಇದು. ವ್ಯಾಂಕೂವರ್ ನಗರ ಇರುವುದು ನೀರಿನ ಆಚೆ, ಮುಖ್ಯ ಭೂಮಿಯಲ್ಲಿ. ವ್ಯಾಂಕೂವರ್ ದ್ವೀಪ ಅಂತ ಬೇರೆಯೇ ಒಂದು ಇದೆ, ಅದರ ದಕ್ಷಿಣ ತುದಿಯಲ್ಲಿ ನಾವಿದ್ದೇವೆ. ಫೋನಿನಲ್ಲಿ ಇದನ್ನು ಎಷ್ಟು ಸಲ ಬಿಡಿಸಿ ಹೇಳಿದರೂ ಊರಿನವರಿಗೆ ನಾನು ವ್ಯಾಂಕೂವರ್‌ನಲ್ಲೇ ಇರುವವನು. ಇರಲಿ ಬಿಡಿ.

ಇಲ್ಲಿ ಗ್ರಾವೆಲ್ ಸೈಕಲ್‌ನ ಹುಚ್ಚು ಜೋರಾಗಿದೆ. ಬಾಗಿದ ಹ್ಯಾಂಡಲ್, 40 ಮಿಲಿಮೀಟರ್ ಆಸುಪಾಸಿನ ದಪ್ಪ ಟೈರ್, ಚೂರು ಕಡಿಮೆ ಗಾಳಿ, ಬೆಟ್ಟ ಹತ್ತುವುದಕ್ಕೆ ಸಣ್ಣ ಗೇರ್. ಇಷ್ಟಿದ್ದರೆ ಡಾಂಬರಿನ ಮೇಲೂ ಓಡುತ್ತದೆ, ಜಲ್ಲಿಯ ಮೇಲೂ ಓಡುತ್ತದೆ. ಸೈಕಲ್ ಬಗ್ಗೆ ಇದಕ್ಕಿಂತ ಜಾಸ್ತಿ ಹೇಳುವುದಿಲ್ಲ, ಅದರ ಬಗ್ಗೆ ಬರೆಯುವವರು ಬೇಕಾದಷ್ಟಿದ್ದಾರೆ. ನನಗೆ ಹೇಳಬೇಕೆನಿಸಿದ್ದು ದಾರಿಯ ವಿಷಯ. ಇಲ್ಲಿನ ಜಲ್ಲಿ ನಮ್ಮ ಮಲೆನಾಡಿನ ಜಲ್ಲಿಗಿಂತ ಮೇಲೇನೂ ಅಲ್ಲ. ಕಾಡು, ನೀರು, ಬೆಟ್ಟ ಎರಡೂ ಕಡೆ ಇವೆ. ಇಲ್ಲಿ ಒಂದು ಕೆಲಸ ಮಾತ್ರ ಸರಿಯಾಗಿ ಆಗಿದೆ: ಒಂದು ದಾರಿ ಮುಗಿಯುವ ಕಡೆ ಇನ್ನೊಂದು ಶುರುವಾಗುತ್ತದೆ. ಎಲ್ಲಿ ಹಾಗೆ ಆಗಿಲ್ಲವೋ ಅಲ್ಲಿ ಇಲ್ಲಿನವರೂ ನಮ್ಮಷ್ಟೇ ಪರದಾಡುತ್ತಾರೆ.

ಊರ ನಡುವೆ ಜಾನ್ಸನ್ ಸ್ಟ್ರೀಟ್ ಸೇತುವೆ ಇದೆ. ದೋಣಿ ಬಂದಾಗ ಎದ್ದು ನಿಲ್ಲುವ ಸೇತುವೆ. ಅದರ ಬುಡದಿಂದ ಗ್ಯಾಲಪಿಂಗ್ ಗೂಸ್ ಎಂಬ ದಾರಿ ಹೊರಡುತ್ತದೆ. ಒಟ್ಟು 55 ಕಿಲೋಮೀಟರ್. ಹಿಂದೆ ಇದು ರೈಲು ದಾರಿ. 1920ರ ದಶಕದಲ್ಲಿ ವಿಕ್ಟೋರಿಯಾದಿಂದ ಸೂಕ್ ಎಂಬ ಊರಿನ ಕಡೆಗೆ ಜನರನ್ನೂ ಟಪಾಲನ್ನೂ ಹೊತ್ತು ಒಂದು ಪೆಟ್ರೋಲ್ ರೈಲುಬಂಡಿ ಗಡಗಡ ಓಡುತ್ತಿತ್ತು. ಅದಕ್ಕೆ ಜನ ತಮಾಷೆಗೆ ಇಟ್ಟ ಹೆಸರೇ ಈಗ ದಾರಿಗೂ ಉಳಿದಿದೆ. ರೈಲು ನಿಂತಿತು, ಹಳಿ ಕಿತ್ತರು. ಆಮೇಲೆ ಆದದ್ದು ಮುಖ್ಯ. ಆ ಉದ್ದನೆಯ ಪಟ್ಟಿಯನ್ನು ತುಂಡು ತುಂಡು ಮಾಡಿ ಮಾರಲಿಲ್ಲ. 1980ರ ದಶಕದ ಕೊನೆಯ ಹೊತ್ತಿಗೆ ಇಲ್ಲಿನ ಪ್ರಾದೇಶಿಕ ಆಡಳಿತ ಅದನ್ನು ಹಾಗೆಯೇ ವಹಿಸಿಕೊಂಡು, ಮೇಲೆ ಸಣ್ಣ ಜಲ್ಲಿ ಹಾಸಿ, ನಡೆಯುವವರಿಗೆ, ಸೈಕಲ್‌ನವರಿಗೆ, ಕುದುರೆ ಸವಾರರಿಗೆ ಬಿಟ್ಟುಕೊಟ್ಟಿತು.

ರೈಲು ದಾರಿಯ ಮೇಲೆ ಸೈಕಲ್ ತುಳಿಯುವ ಸುಖವೇ ಬೇರೆ. ಉಗಿಬಂಡಿ ಏರಲಾರದ್ದನ್ನು ನೀವೂ ಏರಬೇಕಾಗಿಲ್ಲ. ಬಂಡೆ ಅಡ್ಡ ಬಂದ ಕಡೆ ಸೀಳಿದ್ದಾರೆ, ಹಳ್ಳ ಬಂದ ಕಡೆ ಮಣ್ಣು ಏರಿಸಿದ್ದಾರೆ ಇಲ್ಲವೇ ಮರದ ಸೇತುವೆ ಕಟ್ಟಿದ್ದಾರೆ. ಎರಡೂ ಪಕ್ಕ ಚರಂಡಿ, ನಡುವೆ ಎತ್ತರದ ಹಾಸು. ನೀರು ನಿಲ್ಲುವುದೇ ಇಲ್ಲ. ನಮ್ಮ ಊರಿನ ರಸ್ತೆ ಜೂನ್ ಕಳೆಯುವುದರೊಳಗೆ ಕೊಚ್ಚಿಕೊಂಡು ಹೋಗುತ್ತದೆ ಎಂದು ಬೈಯುವಾಗ ಒಂದು ಮಾತು ನೆನಪಿಡಬೇಕು. ವಿಕ್ಟೋರಿಯಾ ನಗರದಲ್ಲಿ ವರ್ಷಕ್ಕೆ ಬೀಳುವ ಮಳೆ ಸುಮಾರು 600 ಮಿ.ಮೀ. ಆಗುಂಬೆಯಲ್ಲಿ ಅದು 7,000 ದಾಟುತ್ತದೆ. ಇಲ್ಲಿನ ಇಂಜಿನಿಯರನ್ನು ಒಂದು ಮಳೆಗಾಲ ನಮ್ಮ ಕಡೆಯ ನಿಟ್ಟೂರಿಗೆ ಕಳಿಸಿದರೆ ಆಗ ಗೊತ್ತಾಗುತ್ತಿತ್ತು!

ಊರೊಳಗಿನ ದಾರಿಗೆ ಡಾಂಬರು ಹಾಕಿದ್ದಾರೆ. ಸೆಲ್‌ಕರ್ಕ್ ಟ್ರೆಸಲ್ ಎಂಬ ಸುಮಾರು 300 ಮೀಟರ್ ಉದ್ದದ ಮರದ ಸೇತುವೆ ದಾಟಿ, ಹೆದ್ದಾರಿಯ ಪಕ್ಕ ಹಾದು, ಕಾಲ್‌ವುಡ್ ಆಸುಪಾಸಿನಲ್ಲಿ ಡಾಂಬರು ಮುಗಿಯುತ್ತದೆ. ಟೈರಿನ ಸದ್ದು ಬದಲಾಗುವುದರಿಂದ ಕಣ್ಣು ಮುಚ್ಚಿದ್ದರೂ ತಿಳಿಯುತ್ತದೆ. ಅಲ್ಲಿಂದ ಮೆಚೋಸಿನ್‌ನ ಕುರಿ ಹೊಲಗಳು, ಮ್ಯಾಥೆಸನ್ ಕೆರೆ, ರೋಚ್ ಕೋವ್, ಆಮೇಲೆ ಎಡಕ್ಕೆ ಸೂಕ್‌ನ ಒಳಸಮುದ್ರ. ಮರಗಳ ಸಂದಿನಿಂದ ನೀರು ಕಾಣುತ್ತಾ ಕಾಣುತ್ತಾ ಹೋಗುತ್ತದೆ. ಅರ್ಬ್ಯೂಟಸ್ ಎಂಬ ಮರ ಇಲ್ಲಿ ಕಡಲಂಚಿನ ಬಂಡೆಗಳ ಮೇಲೆ ಬೆಳೆಯುತ್ತದೆ. ತೊಗಟೆ ಕಾಗದದ ಹಾಗೆ ಸುಲಿದು ಬಿದ್ದು ಒಳಗಿನ ಕೆಂಪು ಮೈ ಕಾಣುತ್ತದೆ. ಆಗಸ್ಟ್‌ನಲ್ಲಿ ದಾರಿಯ ಎರಡೂ ಬದಿ ಬ್ಲ್ಯಾಕ್‌ಬೆರಿ ಮುಳ್ಳುಪೊದೆ. ಹೊರಗಿನಿಂದ ಬಂದು ಹಬ್ಬಿಕೊಂಡ ಕಳೆ ಎಂದು ತಿಳಿದವರು ಬೈಯುತ್ತಾರೆ, ಬೈಯುತ್ತಲೇ ಹಣ್ಣು ಕಿತ್ತು ಬಾಯಿಗೆ ಹಾಕಿಕೊಳ್ಳುತ್ತಾರೆ.

ಸೂಕ್ ನದಿಯ ಮೇಲ್ಗಡೆ ಚಾರ್ಟರ್ಸ್ ಕ್ರೀಕ್, ಟಾಡ್ ಕ್ರೀಕ್ ಎಂಬ ಎರಡು ಹಳೆಯ ಮರದ ಟ್ರೆಸಲ್‌ಗಳಿವೆ. ಅಡ್ಡ ಹಲಗೆಗಳ ಮೇಲೆ ಹೋಗುವಾಗ ದಡದಡ ಎನ್ನುವ ಸದ್ದು ಹ್ಯಾಂಡಲ್‌ನಿಂದ ಮೊಣಕೈವರೆಗೆ ಬರುತ್ತದೆ. ಮಳೆ ಬಿದ್ದ ದಿನ ಈ ಹಲಗೆ ಸೋಪು ಹಚ್ಚಿದಷ್ಟು ಜಾರುತ್ತದೆ. ಅದರ ಮೇಲೆ ಬ್ರೇಕ್ ಹಿಡಿಯಬಾರದು, ಹ್ಯಾಂಡಲ್ ತಿರುಗಿಸಬಾರದು. ಬಂದ ವೇಗದಲ್ಲೇ ನೇರ ದಾಟಿಬಿಡಬೇಕು. ನಮ್ಮ ಕಡೆ ಮಳೆಗಾಲದಲ್ಲಿ ಕಾಲುಸಂಕ ದಾಟಿದವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ದಾರಿ ಮುಗಿಯುವುದು ಲೀಚ್‌ಟೌನ್ ಎಂಬಲ್ಲಿ. 1864ರಲ್ಲಿ ಲೀಚ್ ನದಿಯಲ್ಲಿ ಚಿನ್ನ ಸಿಕ್ಕಿತೆಂದು ಜನ ಮುಗಿಬಿದ್ದು ಎಬ್ಬಿಸಿದ ಊರು. ಈಗ ಊರೂ ಇಲ್ಲ, ಚಿನ್ನವೂ ಇಲ್ಲ. ಅಲ್ಲಿ ಕಪೂರ್ ರೀಜನಲ್ ಪಾರ್ಕ್ ಎಂಬ ಬೋರ್ಡು ಕಂಡಾಗ ನಮ್ಮವರು ಯಾರಾದರೂ ಒಂದು ಕ್ಷಣ ಸೈಕಲ್ ನಿಲ್ಲಿಸಿಯೇ ನಿಲ್ಲಿಸುತ್ತಾರೆ. ಪಂಜಾಬಿನಿಂದ ಬಂದು ಈ ಕಾಡಿನಲ್ಲಿ ಮರದ ಮಿಲ್ಲು ನಡೆಸಿದ ಕಪೂರ್ ಸಿಂಗ್ ಸಿದ್ದು ಅವರ ಹೆಸರು ಅದು. ನಮ್ಮಂಥ ಕಂಪ್ಯೂಟರ್ ಜನ ಇಲ್ಲಿಗೆ ಬರುವ ಎಷ್ಟೋ ದಶಕಗಳ ಮೊದಲೇ ಪಂಜಾಬಿಗಳು ಈ ಹಳಿಯ ಮೇಲೆ ಮರ ಸಾಗಿಸುತ್ತಿದ್ದರು.

ಈ ಲೀಚ್‌ಟೌನ್‌ನಲ್ಲಿ ದಾರಿ ಕಡಿಯುತ್ತದೆ. ಹಳೆಯ ರೈಲು ಮುಂದೆ ಸೂಕ್ ಕೆರೆಯ ಪಕ್ಕದಲ್ಲೇ ಹಾದು ಶಾನಿಗನ್ ಕೆರೆಯ ಕಡೆ ಹೋಗುತ್ತಿತ್ತು. ಆದರೆ ಸೂಕ್ ಕೆರೆ ಈಗ ಇಡೀ ವಿಕ್ಟೋರಿಯಾಕ್ಕೆ ಕುಡಿಯುವ ನೀರು ಕೊಡುವ ಜಲಾಶಯ. ಅದರ ಸುತ್ತಲಿನ ಕಾಡಿಗೆ ಯಾರನ್ನೂ ಬಿಡುವುದಿಲ್ಲ. ಸೈಕಲ್‌ನವರು ಗೊಣಗುತ್ತಾರೆ. ನಾನು ಗೊಣಗುವುದಿಲ್ಲ. ಕುಡಿಯುವ ನೀರಿನ ಕೆರೆಗೆ ಏನೇನು ಬಿಡುತ್ತೇವೆ ಎಂದು ನೋಡಿ ಬೆಳೆದವನಿಗೆ ಅಲ್ಲಿನ ಬೀಗ ಕಂಡರೆ ಸಮಾಧಾನವೇ ಆಗುತ್ತದೆ.

ಹಾಗಾಗಿ ಉತ್ತರಕ್ಕೆ ಹೋಗಬೇಕೆಂದರೆ ಬಳಸು ದಾರಿ. ಲ್ಯಾಂಗ್‌ಫರ್ಡ್ ಕಡೆಯಿಂದ ಸೂಕ್ ಹಿಲ್ಸ್ ವೈಲ್ಡರ್‌ನೆಸ್ ಟ್ರೇಲ್ ಎಂದು ಸುಮಾರು 13 ಕಿಲೋಮೀಟರ್ ಕಡಿದಿದ್ದಾರೆ. ಇದು ರೈಲಿನ ದಾರಿಯಲ್ಲ ಎಂದು ಮೊದಲ ಏರಿನಲ್ಲೇ ತೊಡೆ ಹೇಳುತ್ತದೆ. ಕೆಲವು ಕಡೆ ಇಳಿದು ತಳ್ಳುವುದೇ ಸರಿ, ಅದರಲ್ಲಿ ನಾಚಿಕೆಯೇನಿಲ್ಲ. ಗೋಲ್ಡ್‌ಸ್ಟ್ರೀಮ್ ನದಿಯ ಮೇಲೆ ಒಂದು ತೂಗುಸೇತುವೆ ಇದೆ. ಕರಡಿ, ಪ್ಯೂಮಾ ಇರುವ ಕಾಡು, ಆದ್ದರಿಂದ ತಿರುವುಗಳಲ್ಲಿ ಗಂಟೆ ಬಾರಿಸುತ್ತಾ ಹೋಗುವುದು ರೂಢಿ. ಮಲೆನಾಡಿನವರು ಕಾಟಿ ಇರಬಹುದೆಂದು ಕೆಮ್ಮುತ್ತಾ, ಮಾತಾಡುತ್ತಾ ಹೋಗುವುದಿಲ್ಲವೇ, ಅದೇ.

ಇಷ್ಟೆಲ್ಲ ಕಷ್ಟಪಟ್ಟರೆ ಸಿಗುವುದು ಕಿನ್ಸೋಲ್ ಟ್ರೆಸಲ್. ಶಾನಿಗನ್ ಕೆರೆಯ ಆಚೆ, ಕೋಕ್ಸೈಲಾ ನದಿಯ ಕಣಿವೆಗೆ ಅಡ್ಡಲಾಗಿ ಕಟ್ಟಿದ ಮರದ ರೈಲು ಸೇತುವೆ. 44 ಮೀಟರ್ ಎತ್ತರ, 187 ಮೀಟರ್ ಉದ್ದ, ಮೇಲಾಗಿ ಬಿಲ್ಲಿನಂತೆ ಬಾಗಿದೆ. 1920ರಲ್ಲಿ ಮುಗಿಯಿತು, 1979ರಲ್ಲಿ ಕೊನೆಯ ರೈಲು ಹೋಯಿತು. ಆಮೇಲೆ ವರ್ಷಗಟ್ಟಲೆ ಕೊಳೆಯಿತು, ಬೆಂಕಿ ಬಿತ್ತು, ಕೆಡವಿಬಿಡೋಣ ಎಂಬ ಮಾತೂ ಬಂತು. ಸುತ್ತಲಿನ ಜನ ಬಿಡಲಿಲ್ಲ. ಹಣ ಕೂಡಿಸಿದರು, ಸರ್ಕಾರವನ್ನು ಕಾಡಿದರು. 2011ರಲ್ಲಿ ದುರಸ್ತಿ ಮುಗಿದು ನಡಿಗೆಗೆ, ಸೈಕಲ್‌ಗೆ ತೆರೆಯಿತು. ನಡುವೆ ನಿಂತು ಕೆಳಗೆ ನೋಡಬೇಡಿ ಎನ್ನುವವರ ಮಾತು ಕೇಳಬೇಡಿ. ನೋಡಲೇಬೇಕು. ಆದರೆ ಬದಿಯಲ್ಲಿ ಇಳಿಯುವ ಕಾಲುದಾರಿ ಹಿಡಿದು ನದಿಯ ಹತ್ತಿರ ಹೋಗಿ ಕೆಳಗಿನಿಂದ ನೋಡಿದರೆ ಇನ್ನೂ ಚೆನ್ನ. ತೊಲೆಯ ಮೇಲೆ ತೊಲೆ, ಅಡ್ಡಕ್ಕೆ ತೊಲೆ, ಓರೆಗೆ ತೊಲೆ. ಹಳೆಯ ಕಪ್ಪು ಮರದ ನಡುವೆ ಹೊಸದಾಗಿ ಸೇರಿಸಿದ ತೊಲೆಗಳು ಯಾವುವು ಎಂದು ಬಣ್ಣ ನೋಡಿಯೇ ಗುರುತಿಸಬಹುದು.

ನಮ್ಮಲ್ಲಿ ಹೀಗೆ ನಿಂತುಹೋದ ರೈಲು ಇಲ್ಲವೇ? ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಪುಟ್ಟ ರೈಲು ಓಡುತ್ತಿತ್ತು ಎಂದು ಹಳಬರು ಹೇಳುತ್ತಾರೆ. ಕಾಡಿನ ನಡುವಿನ ಎಂಥ ದಾರಿ ಇದ್ದಿರಬೇಕು, ಯೋಚಿಸಿ. ಅದು ಉದ್ದಕ್ಕೂ ಒಂದೇ ದಾರಿಯಾಗಿ ಉಳಿದಿದ್ದರೆ ಇವತ್ತು ಇಡೀ ದೇಶದ ಸೈಕಲ್‌ನವರು ತರೀಕೆರೆಯಲ್ಲಿ ಇಳಿಯುತ್ತಿದ್ದರು. ಹಳಿ ಎತ್ತಿದ ದಿನ ‘ಈ ಪಟ್ಟಿ ಹೀಗೇ ಇರಲಿ’ ಎಂದು ಯಾರೋ ಒಬ್ಬರು ಕಾಗದದ ಮೇಲೆ ಬರೆದಿಡಬೇಕಿತ್ತು. ಖರ್ಚೇನೂ ಇಲ್ಲದ ಕೆಲಸ, ಆದರೆ ಆ ದಿನವೇ ಆಗಬೇಕು. ಹತ್ತು ವರ್ಷ ಬಿಟ್ಟು ಮಾಡಲು ಹೋದರೆ ಅಲ್ಲೊಂದು ಮನೆ, ಇಲ್ಲೊಂದು ತೋಟ, ಮುಂದೊಂದು ಕೋರ್ಟು ಕೇಸು.

ಹಾಗೆ ನೋಡಿದರೆ ನಮ್ಮಲ್ಲಿ ಉದ್ದನೆಯ ಪಟ್ಟಿಗಳು ಈಗಲೂ ಇವೆ, ಅವು ನಾಲೆಯ ಏರಿಗಳು. ಮಂಡ್ಯದ ವಿಶ್ವೇಶ್ವರಯ್ಯ ನಾಲೆ, ಭದ್ರಾ ನಾಲೆ, ತುಂಗಭದ್ರಾ ನಾಲೆ. ನಾಲೆಗೆ ಇಳಿಜಾರು ಎಷ್ಟು ಕಡಿಮೆಯೋ ಪಕ್ಕದ ಏರಿಗೂ ಅಷ್ಟೇ ಕಡಿಮೆ. ಒಂದು ಕಡೆ ನೀರು, ಇನ್ನೊಂದು ಕಡೆ ಗದ್ದೆ. ಗ್ರಾವೆಲ್ ಸೈಕಲ್‌ಗೆ ಇದಕ್ಕಿಂತ ಏನು ಬೇಕು? ಇದರ ಒಡೆತನವೂ ನೀರಾವರಿ ಇಲಾಖೆಯದೇ, ಯಾರ ಜಮೀನನ್ನೂ ಕಸಿಯಬೇಕಿಲ್ಲ. ಎಷ್ಟೋ ಕಡೆ ತಡೆಗೋಡೆ ಇಲ್ಲ, ಗಾಡಿಗಳು ನಾಲೆಗೆ ಬಿದ್ದು ಜನ ಸತ್ತ ಸುದ್ದಿ ಓದುತ್ತಲೇ ಇರುತ್ತೇವೆ. ಕಾರು, ಬಸ್ಸು ಓಡುವ ಏರಿಗೆ ತಡೆಗೋಡೆ ಬೇಕು. ಅವು ಬೇಕಿಲ್ಲದ ಏರಿಯನ್ನು ಸೈಕಲ್‌ಗೆ, ಎತ್ತಿನಗಾಡಿಗೆ, ನಡೆಯುವವರಿಗೆ ಬಿಡಿ ಎನ್ನುವುದು ದೊಡ್ಡ ಬೇಡಿಕೆಯಲ್ಲ.

ಇಷ್ಟು ಹೊಗಳಿದ ಮೇಲೆ ಇಲ್ಲಿನ ಇನ್ನೊಂದು ಮುಖ. ರೈಲು ದಾರಿ ಬಿಟ್ಟು ಪಕ್ಕಕ್ಕೆ ತಿರುಗಿದಿರೋ, ಗೇಟು. ನಕ್ಷೆಯಲ್ಲಿ ಕಾಡಿನ ತುಂಬ ಮರ ಸಾಗಿಸುವ ಜಲ್ಲಿ ರಸ್ತೆಗಳ ಜಾಲ ಕಾಣುತ್ತದೆ. ಹೋಗಿ ನೋಡಿದರೆ ಹಳದಿ ಬಣ್ಣದ ಕಬ್ಬಿಣದ ತೊಲೆ, ಬೀಗ, ‘ಖಾಸಗಿ ಜಾಗ’ ಎಂಬ ಬೋರ್ಡು. ಕೆಲವು ವಾರಾಂತ್ಯ ಬಿಡುತ್ತಾರೆ, ಕೆಲವು ಬಿಡುವುದಿಲ್ಲ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯ ಜಾಸ್ತಿಯಾದರೆ ಎಲ್ಲವೂ ಬಂದ್.

ಇಷ್ಟು ದೊಡ್ಡ ಕಾಡು ಖಾಸಗಿ ಹೇಗಾಯಿತು ಎಂದು ಹುಡುಕಿದರೆ ಮತ್ತೆ ರೈಲೇ ಸಿಗುತ್ತದೆ. 1880ರ ದಶಕದಲ್ಲಿ ಎಸ್ಕ್ವೈಮಾಲ್ಟ್‌ನಿಂದ ನನೈಮೋವರೆಗೆ ರೈಲು ಹಾಕಿಕೊಡುವ ಕೆಲಸವನ್ನು ಕಲ್ಲಿದ್ದಲು ಸಾಹುಕಾರ ರಾಬರ್ಟ್ ಡನ್ಸ್‌ಮ್ಯೂರ್‌ಗೆ ಕೊಟ್ಟರು. ಬದಲಿಗೆ 7,50,000 ಡಾಲರ್ ಮತ್ತು ಹತ್ತಿರ ಹತ್ತಿರ 20 ಲಕ್ಷ ಎಕರೆ ನೆಲ. ದ್ವೀಪದ ಹೆಚ್ಚು ಕಡಿಮೆ ಕಾಲು ಪಾಲು! ಅಲ್ಲಿ ಸಾವಿರಾರು ವರ್ಷಗಳಿಂದ ಇದ್ದ ಮೂಲನಿವಾಸಿಗಳನ್ನು ಒಂದು ಮಾತೂ ಕೇಳಲಿಲ್ಲ. 1886ರಲ್ಲಿ ರೈಲು ಮುಗಿಯಿತು. ಆ ನೆಲ ಕೈಯಿಂದ ಕೈಗೆ ಮಾರಾಟವಾಗುತ್ತಾ ಬಂದು ಇವತ್ತು ಬಹುಪಾಲು ಮರದ ಕಂಪನಿಗಳ ಹಿಡಿತದಲ್ಲಿದೆ. ವಿಚಿತ್ರ ನೋಡಿ. ಒಂದು ರೈಲು ಬಿಟ್ಟುಹೋದ ಪಟ್ಟಿ ಎಲ್ಲರ ದಾರಿಯಾಯಿತು, ಇನ್ನೊಂದು ರೈಲಿಗಾಗಿ ಕೊಟ್ಟ ನೆಲ ಯಾರೂ ಕಾಲಿಡದ ಜಾಗವಾಯಿತು.

ಈ ವಿಷಯದಲ್ಲಿ ನಮ್ಮೂರೇ ಮೇಲು ಎಂದು ಎದೆ ತಟ್ಟಿ ಹೇಳುತ್ತೇನೆ. ನಮ್ಮ ಕಡೆ ಯಾರದೋ ತೋಟದ ಬೇಲಿ ಅಡ್ಡ ಬಂದರೆ ಅಲ್ಲೊಂದು ದಣಪೆ ಇರುತ್ತದೆ. ಎರಡು ಕಂಬ, ಅವುಗಳ ತೂತಿನಲ್ಲಿ ಅಡ್ಡ ತೂರಿಸಿದ ಮೂರ್ನಾಲ್ಕು ಗಳ. ಮೇಲಿನ ಎರಡು ಸರಿಸಿ, ಸೈಕಲ್ ಎತ್ತಿ ದಾಟಿಸಿ, ಗಳಗಳನ್ನು ಮೊದಲಿದ್ದಂತೆ ತಳ್ಳಿದರೆ ಮುಗಿಯಿತು. ಬೇಲಿ ಹಾಕಿರುವುದು ದನಕ್ಕೆ, ಮನುಷ್ಯರಿಗಲ್ಲ. ಅಂಗಳದಲ್ಲಿ ಯಾರಾದರೂ ಕಂಡರೆ “ಯಾರ ಮನೆ ಮಾಣಿ?” ಎಂದು ಕೇಳುತ್ತಾರೆ, ಹಿಂದೆಯೇ “ಆಸರಿಗೆ ಬೇಕಾ?” ಎಂದೂ, ಅಂದರೆ ಕುಡಿಯಲು ಏನಾದರೂ ಬೇಕೇ ಎಂದೂ, ಕೇಳುತ್ತಾರೆ. ಇಲ್ಲಿ ಹಾಗೆ ಯಾರದಾದರೂ ಅಂಗಳ ಹೊಕ್ಕರೆ ಬರುವುದು ಮಜ್ಜಿಗೆಯಲ್ಲ. ಈಚೆಗೆ ನಮ್ಮಲ್ಲೂ ರೆಸಾರ್ಟಿನವರು, ಹೊರಗಿನಿಂದ ಬಂದು ಎಸ್ಟೇಟ್ ಕೊಂಡವರು ದಣಪೆ ಕಿತ್ತು ಕಬ್ಬಿಣದ ಗೇಟು ಹಾಕುತ್ತಿದ್ದಾರೆ. ತಲೆತಲಾಂತರದಿಂದ ಜನ ಓಡಾಡಿದ ಕಾಲುದಾರಿ ಒಂದು ಬೇಸಿಗೆಯಲ್ಲಿ ಮಾಯ. ವ್ಯಾಂಕೂವರ್ ದ್ವೀಪದ ಹಳದಿ ಗೇಟುಗಳನ್ನು ನೋಡಿದ ಮೇಲೆ ಇದು ಎಲ್ಲಿಗೆ ಮುಟ್ಟುತ್ತದೆ ಎಂದು ನನಗೆ ಗೊತ್ತು.

ಕಿನ್ಸೋಲ್ ದಾಟಿ ಕೌಚನ್ ಕಣಿವೆಯ ದಾರಿ ಹಿಡಿದರೆ ಪಾಲ್ಡಿ ಸಿಗುತ್ತದೆ. ಮೇಯೋ ಸಿಂಗ್ ಮತ್ತು ಜೊತೆಗಾರರು ಮಿಲ್ಲಿನ ಸುತ್ತ ಕಟ್ಟಿದ ಊರು. ಮೇಯೋ ಸಿಂಗ್ ಅವರ ಪಂಜಾಬಿನ ಹಳ್ಳಿಯ ಹೆಸರನ್ನೇ ಅದಕ್ಕಿಟ್ಟರು. 1919ರಲ್ಲಿ ಕಟ್ಟಿದ ಗುರುದ್ವಾರ ಆಮೇಲೆ ಮತ್ತೆ ಕಟ್ಟಿಸಿಕೊಂಡು ಈಗಲೂ ನಿಂತಿದೆ. ಮಿಲ್ಲು ಇಲ್ಲ, ಊರೂ ಹೆಚ್ಚು ಕಡಿಮೆ ಖಾಲಿ. ಸೈಕಲ್ ನಿಲ್ಲಿಸಿ ಒಳಗೆ ಹೋಗಿ ಬನ್ನಿ.

ವಾಪಸ್ಸು ಬರುವಾಗ ಹೆದ್ದಾರಿಯ ಮಲಹತ್ ಘಾಟಿಯಲ್ಲಿ ಸೈಕಲ್ ಹಾಕಬೇಡಿ, ಲಾರಿಗಳ ಕಾಟ. ಮಿಲ್ ಬೇ ಎಂಬಲ್ಲಿ ಸಣ್ಣ ಫೆರಿ ಇದೆ. ಸುಮಾರು 25 ನಿಮಿಷದಲ್ಲಿ ಸಾನಿಚ್‌ನ ಕೊಲ್ಲಿ ದಾಟಿ ಬ್ರೆಂಟ್‌ವುಡ್ ಬೇಗೆ ತಂದು ಬಿಡುತ್ತದೆ. ಘಾಟಿಯ ಏರು, ಹೊಗೆ, ಹೆದರಿಕೆ ಮೂರೂ ತಪ್ಪುತ್ತವೆ.

ಗ್ಯಾಲಪಿಂಗ್ ಗೂಸ್‌ನಿಂದ ಊರ ಅಂಚಿನಲ್ಲೇ ಕವಲೊಡೆಯುವ ಇನ್ನೊಂದು ದಾರಿ ಲಾಕ್‌ಸೈಡ್. ಇದೂ ಹಳೆಯ ರೈಲೇ, 29 ಕಿಲೋಮೀಟರ್. ಬ್ಲೆಂಕಿನ್ಸಾಪ್ ಕೆರೆಯ ಮೇಲಿನ ಸೇತುವೆ, ತರಕಾರಿ ಹೊಲ, ಹಂದಿ ಸಾಕಣೆಯ ವಾಸನೆ, ಕಾರ್ಡೋವಾ ಬೇ, ಸಿಡ್ನಿ ಊರು. ಸ್ವಲ್ಪ ಡಾಂಬರು, ಸ್ವಲ್ಪ ಜಲ್ಲಿ. ದಾರಿ ಬದಿಯ ಹೊಲಗಳ ಮುಂದೆ ಗೂಡಿನಂಥ ಪೆಟ್ಟಿಗೆ ಅಂಗಡಿಗಳು: ಮೊಟ್ಟೆ, ಹೂವು, ಬೆರಿ ಹಣ್ಣು. ಕೂತು ಮಾರುವವರಿಲ್ಲ. ಬೇಕಾದ್ದು ತೆಗೆದುಕೊಂಡು ಡಬ್ಬಿಗೆ ದುಡ್ಡು ಹಾಕಿ ಹೋಗಬೇಕು. ಇಲ್ಲೊಂದು ಜಗಳ ನಡೆಯುತ್ತಲೇ ಇರುತ್ತದೆ. ದಿನಾ ಕೆಲಸಕ್ಕೆ ಹೋಗುವವರಿಗೆ ಡಾಂಬರು ಬೇಕು, ದೀಪ ಬೇಕು, ಅಗಲ ಬೇಕು. ಗ್ರಾವೆಲ್‌ನವರಿಗೆ ಜಲ್ಲಿ ಹಾಗೇ ಇರಬೇಕು. ನಾನು ಕೆಲಸಕ್ಕೆ ಹೋಗುವವರ ಕಡೆ. ಡಿಸೆಂಬರ್‌ನಲ್ಲಿ ಇಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಮಳೆಯಲ್ಲಿ ಮಗುವನ್ನು ಹಿಂದೆ ಕೂರಿಸಿಕೊಂಡು ಮನೆಗೆ ಹೋಗುವ ತಾಯಿಯ ದಾರಿ ಮೊದಲು ಸರಿಯಾಗಲಿ. ನಮ್ಮ ಭಾನುವಾರದ ಮೋಜಿಗೆ ಊರಾಚೆ ಬೇಕಾದಷ್ಟು ಜಲ್ಲಿ ಇದೆ.

ಲಾಕ್‌ಸೈಡ್‌ನ ದೊಡ್ಡಸ್ತಿಕೆ ಅದು ಮುಗಿಯುವ ಜಾಗದಲ್ಲಿದೆ. ಸ್ವಾರ್ಟ್ಜ್ ಬೇಯ ಫೆರಿ ನಿಲ್ದಾಣದ ಬಾಗಿಲಿಗೇ ತಂದು ಬಿಡುತ್ತದೆ. ನಗರದ ನಡುವಿನಿಂದ ಹೊರಟವನು ಹೆದ್ದಾರಿಗೆ ಇಳಿಯದೆ ಟಿಕೆಟ್ ಕಿಟಕಿಯ ಮುಂದೆ ನಿಲ್ಲುತ್ತಾನೆ. ಅಲ್ಲಿಂದ ಗಲ್ಫ್ ದ್ವೀಪಗಳು: ಸಾಲ್ಟ್ ಸ್ಪ್ರಿಂಗ್, ಪೆಂಡರ್, ಮೇಯ್ನ್, ಗಲಿಯಾನೋ, ಸಟರ್ನಾ.

ಈಗ ನಿಜ ಹೇಳುತ್ತೇನೆ. ಫೋಟೋ ನೋಡಿ ಗ್ರಾವೆಲ್ ಸೈಕಲ್ ಹೊತ್ತು ಈ ದ್ವೀಪಗಳಿಗೆ ಹೋದವರು ಮೋಸ ಹೋಗುತ್ತಾರೆ. ಮುಖ್ಯ ರಸ್ತೆಗಳೆಲ್ಲ ಡಾಂಬರು. ಕಿರಿದು, ಬದಿಯಲ್ಲಿ ಒಂದು ಅಡಿ ಜಾಗವೂ ಇಲ್ಲ, ಸಾಲದ್ದಕ್ಕೆ ಏರು ಇಳಿವು ಏರು ಇಳಿವು. ಸಾಲ್ಟ್ ಸ್ಪ್ರಿಂಗ್‌ನಲ್ಲಿ ಫುಲ್‌ಫರ್ಡ್‌ನಿಂದ ಗ್ಯಾಂಜಸ್ ಪೇಟೆಗೆ ಹೋಗುವ ರಸ್ತೆ ಒಂದು ಶಿಕ್ಷೆ. ಜಲ್ಲಿ ಬೇಕೇ ಬೇಕು ಎನ್ನುವವರಿಗೆ ಮೌಂಟ್ ಮ್ಯಾಕ್ಸ್‌ವೆಲ್‌ನ ರಸ್ತೆ ಇದೆ. ಉಸಿರು ಹಿಡಿಸುವ ಏರು, ತಗ್ಗು ಗುಂಡಿ, ಎದ್ದ ಕಲ್ಲು. ಥೇಟ್ ನಮ್ಮೂರು! ತುದಿಯಲ್ಲಿ ನಿಂತರೆ ಕೆಳಗೆ ಬರ್ಗಾಯ್ನ್ ಬೇ, ಆಚೆಗೆ ದೊಡ್ಡ ದ್ವೀಪ. ಇಳಿಯುವಾಗ ಬ್ರೇಕ್ ಹಿಡಿದು ಹಿಡಿದು ಬೆರಳು ಮರಗಟ್ಟುತ್ತದೆ. ಇನ್ನೊಂದು, ಫುಲ್‌ಫರ್ಡ್ ಕಡೆಯಿಂದ ಮಸ್‌ಗ್ರೇವ್ ಕಡೆ ಹೋಗುವ ಮಣ್ಣಿನ ರಸ್ತೆ. ಉಳಿದಂತೆ ಬೀವರ್ ಪಾಯಿಂಟ್ ರಸ್ತೆ ಹಿಡಿದು ರಕಲ್ ಪಾರ್ಕಿಗೆ ಹೋಗಿ, ಕುರಿಗಳ ನಡುವೆ ಕಡಲಂಚಿನಲ್ಲಿ ಗುಡಾರ ಹಾಕಿ ಮಲಗುವುದು ವಾಸಿ. ಅದಕ್ಕೆ ಯಾವ ಸೈಕಲ್ ಆದರೂ ನಡೆಯುತ್ತದೆ.

ಫುಲ್‌ಫರ್ಡ್ ಫೆರಿಗೆ ಸ್ವಾರ್ಟ್ಜ್ ಬೇಯಿಂದ 35 ನಿಮಿಷ. ಇಳಿದ ಕೂಡಲೇ ತುಳಿಯಲು ಶುರು ಮಾಡಬಾರದು, ಇದು ದ್ವೀಪದ ಮೊದಲ ಪಾಠ. ಸಿನಿಮಾ ಬಿಟ್ಟ ಹಾಗೆ ಹಡಗಿನ ಹೊಟ್ಟೆಯಿಂದ ಕಾರುಗಳೆಲ್ಲ ಒಟ್ಟಿಗೆ ಹೊರಬೀಳುತ್ತವೆ. ಮನೆ ಸೇರುವ ಆತುರ ಎಲ್ಲರಿಗೂ. ಬದಿಗೆ ನಿಂತು ಒಂದು ಕಾಫಿ ಕುಡಿಯಿರಿ. ಹತ್ತು ನಿಮಿಷದಲ್ಲಿ ರಸ್ತೆ ಖಾಲಿ. ಮುಂದಿನ ಫೆರಿ ಬರುವವರೆಗೆ ಅದು ನಿಮ್ಮದೇ. ವಾಪಸ್ಸು ಹೋಗುವವರ ಕಾರುಗಳು ಎದುರಿನಿಂದ ಬರುವ ಹೊತ್ತನ್ನೂ ವೇಳಾಪಟ್ಟಿ ನೋಡಿಯೇ ಹೇಳಬಹುದು. ದ್ವೀಪದ ಟ್ರಾಫಿಕ್ ಗಡಿಯಾರ ನೋಡಿಕೊಂಡು ಬರುತ್ತದೆ.

ಸಿಗಂದೂರಿನ ಲಾಂಚ್ ಹತ್ತಿದವರಿಗೆ ಇದೆಲ್ಲ ಗೊತ್ತು. ಅಂಬಾರಗೋಡ್ಲುವಿನಲ್ಲಿ ಬಸ್ಸು, ಕಾರು, ಬೈಕು, ಜನ ಎಲ್ಲ ಒತ್ತೊತ್ತಾಗಿ ಹತ್ತಿ, ಕಳಸವಳ್ಳಿ ದಡದಲ್ಲಿ ಒಟ್ಟಿಗೆ ಇಳಿದು ಧೂಳೆಬ್ಬಿಸಿ ಹೋಗುತ್ತಿದ್ದುದು. ಆಮೇಲೆ ತುಮರಿಯ ಕಡೆಗೆ ನಿಶ್ಶಬ್ದ ರಸ್ತೆ. ಸೈಕಲ್‌ಗೆ ಹೇಳಿ ಮಾಡಿಸಿದ ಜಾಗ. ಆದರೆ ಈ ಹೋಲಿಕೆಯನ್ನು ನಾನು ತುಂಬ ಎಳೆಯುವುದಿಲ್ಲ. ಸಾಲ್ಟ್ ಸ್ಪ್ರಿಂಗ್‌ನ ಹೆಚ್ಚಿನ ಜನ ದ್ವೀಪ ಬೇಕೆಂದು ಆರಿಸಿಕೊಂಡು ಬಂದವರು. ಇಲ್ಲಿ ಜಾಸ್ತಿ ಮನೆ ಏಳಬಾರದು, ಕಾಡು ಹಾಳಾಗಬಾರದು ಎಂದು ನೋಡಿಕೊಳ್ಳಲು 1974ರಲ್ಲೇ ಐಲ್ಯಾಂಡ್ಸ್ ಟ್ರಸ್ಟ್ ಎಂಬ ಸಂಸ್ಥೆ ಮಾಡಿದ್ದಾರೆ. ತುಮರಿಯವರನ್ನು ದ್ವೀಪದವರನ್ನಾಗಿ ಮಾಡಿದ್ದು 1964ರಲ್ಲಿ ಮುಗಿದ ಲಿಂಗನಮಕ್ಕಿ ಅಣೆಕಟ್ಟು. ನಾಡಿಗೆಲ್ಲ ಕರೆಂಟು ಹೋಯಿತು, ಅವರಿಗೆ ಸುತ್ತಲೂ ನೀರು ಬಂತು. ಸಂಜೆ ಲಾಂಚ್ ನಿಂತ ಮೇಲೆ ಹೆರಿಗೆ ನೋವು ಬಂದರೆ, ಹಾವು ಕಚ್ಚಿದರೆ ಏನು ಗತಿ ಎಂದು ದಶಕಗಟ್ಟಲೆ ಕೇಳಿದರು. 2025ರ ಜುಲೈನಲ್ಲಿ ಸುಮಾರು 2.4 ಕಿಲೋಮೀಟರ್ ಉದ್ದದ ಸೇತುವೆ ತೆರೆಯಿತು. ‘ಅಯ್ಯೋ, ಲಾಂಚಿನ ಮಜಾ ಹೋಯಿತು’ ಎಂದು ಬೆಂಗಳೂರಿನಲ್ಲೋ ವಿಕ್ಟೋರಿಯಾದಲ್ಲೋ ಕೂತು ಮರುಗುವುದು ಸುಲಭ. ಆ ಸೇತುವೆ ಬಹಳ ಹಿಂದೆಯೇ ಬರಬೇಕಿತ್ತು.

ಸೇತುವೆ ಬಂದ ಮೇಲೆ ಮಾಡಬಹುದಾದ ಕೆಲಸ ಮಾತ್ರ ಇಲ್ಲಿಂದ ಕಲಿಯಬಹುದು. ಕಾರುಗಳೆಲ್ಲ ಈಗ ಸೇತುವೆಯ ಮೇಲೆ ಹೋಗುತ್ತವೆ. ಲಾಂಚಿನ ಎರಡು ದಡ, ದಡಕ್ಕೆ ಇಳಿಯುವ ಹಳೆಯ ರಸ್ತೆ, ಹಿನ್ನೀರಿನ ಅಂಚಿನ ಮಣ್ಣು ದಾರಿಗಳು ಇನ್ನೂ ಸಾರ್ವಜನಿಕ ಜಾಗವೇ. ಅವನ್ನು ಯಾರೂ ಬಳಸದೆ ಮುಳ್ಳು ಬೆಳೆದು, ಒಂದು ತುಂಡು ಹೋಂಸ್ಟೇಗೆ, ಇನ್ನೊಂದು ಪಾರ್ಕಿಂಗಿಗೆ ಹೋಗುವ ಮೊದಲು ಪಂಚಾಯಿತಿಯವರು ಒಂದು ನಿರ್ಣಯ ಬರೆದುಬಿಡಬೇಕು. ವಾರಕ್ಕೆ ಎರಡು ದಿನ ನಡೆಯುವವರಿಗೆ, ಸೈಕಲ್‌ನವರಿಗೆ ಒಂದು ಲಾಂಚ್ ಓಡಿಸಿದರೂ ಸಾಕು. ಬೆಳಿಗ್ಗೆ ಸೇತುವೆಯ ಮೇಲೆ ಹೋಗಿ, ತುಮರಿಯಲ್ಲಿ ಊಟ ಮಾಡಿ, ಸಂಜೆ ನೀರಿನ ಮೇಲೆ ವಾಪಸ್ಸು ಬರಬಹುದು. ಜಲ್ಲಿ ಹೊಸದಾಗಿ ಹಾಕುವುದೇನೂ ಬೇಡ. ಗುತ್ತಿಗೆದಾರರು ಆ ಕೆಲಸವನ್ನು ಆಗಲೇ ಮಾಡಿಟ್ಟಿದ್ದಾರೆ.